ಮೂರು ಕೆಂಪು ಕ್ಲಿಪ್ಪುಗಳು

ನನ್ನ ಬೇರನ್ನು ನನ್ನ ಗಂಡ ಇನ್ನೊಬ್ಬಳಿಗೆ ಕೊಟ್ಟುಬಿಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಬಟ್ಟೆ ಒಣಹಾಕಲು ಕ್ಲಿಪ್ಪು ಹುಡುಕಿಕೊಂಡು ಹೋದಾಗ.

ನಮ್ಮ ಮನೆಯಲ್ಲಿ ಬಟ್ಟೆಯ ಕ್ಲಿಪ್ಪುಗಳು ಬಟ್ಟೆಯ ಮೇಲೆ ಇರುವುದು ಅಪರೂಪ. ಇವರು ಅರಬ್ಬಿ ಪಾಠದ ಮೇಷ್ಟ್ರು. ಸಂಜೆಯಾದರೆ ಮುಂದಿನ ಕೋಣೆಯೇ ಶಾಲೆ. ಗೋಡೆಯಿಂದ ಗೋಡೆಗೆ ನನ್ನ ಹೊಲಿಗೆ ಅಂಗಡಿಯ ಗಟ್ಟಿ ದಾರಗಳನ್ನು ಸಾಲಾಗಿ ಕಟ್ಟಿದ್ದಾರೆ, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ದಾರ. ಅರಬ್ಬಿಯಲ್ಲಿ ಮಾತಿನ ಬೇರು ಎಂದರೆ ಸಾಮಾನ್ಯವಾಗಿ ಮೂರು ಅಕ್ಷರ. ಆ ಮೂರನ್ನು ಮೂರು ಕೆಂಪು ಕ್ಲಿಪ್ಪಿನಲ್ಲಿ ತೂಗುಹಾಕುತ್ತಾರೆ. ಅವುಗಳ ನಡುವೆ ಸ್ವರ ತುಂಬಿ, ಹಿಂದೆ ಮುಂದೆ ಏನಾದರೂ ಅಂಟಿಸಿದರೆ ಒಂದೇ ಬೇರಿನಿಂದ ಹತ್ತಾರು ಮಾತು ಹುಟ್ಟುತ್ತವೆ. ಹುಟ್ಟಿದ ಒಂದೊಂದನ್ನೂ ಚೀಟಿಯಲ್ಲಿ ಬರೆದು ಬಿಳಿ ಕ್ಲಿಪ್ಪಿನಿಂದ ಅದೇ ದಾರಕ್ಕೆ ಸಿಕ್ಕಿಸಬೇಕು. ಇವರ ವಿದ್ಯಾರ್ಥಿಗಳು ಜಾಣರಾದಷ್ಟೂ ನನ್ನ ಟವೆಲ್ಲುಗಳು ಗಾಳಿಗೆ ಹಾರಿ ಪಕ್ಕದ ಮನೆಯ ಮಾಡಿನ ಮೇಲೆ ಬೀಳುತ್ತವೆ.

ಬೇರು ಕೊಡುವುದಕ್ಕೂ ಇವರದೊಂದು ಪದ್ಧತಿ. ಹೊಸಬರನ್ನು ಒಂದೆರಡು ವಾರ ಸುಮ್ಮನೆ ಗಮನಿಸುತ್ತಾರೆ. ಆಮೇಲೆ ಆಳು ನೋಡಿ ಬೇರು ಕೊಡುತ್ತಾರೆ. ಕ್ಷೌರದ ಅಂಗಡಿಯವನಿಗೆ ಹ-ಲ-ಕ ಕೊಟ್ಟರು. ಅದರಲ್ಲಿ ಹಲ್ಲಾಕ್ ಎಂದರೆ ಕ್ಷೌರಿಕ, ಹಲ್ಕ್ ಎಂದರೆ ಗಂಟಲು, ಹಲ್ಕಾ ಎಂದರೆ ಬಳೆಯಂಥ ಸುತ್ತು. "ಹಾಗಾದ್ರೆ ಗಿರಾಕಿ ಗಂಟಲು ಯಾವಾಗ್ಲೂ ನನ್ನ ಕೈಲೇ ಅನ್ನಿ ಸಾರ್" ಎಂದು ಅವನು ಹಲ್ಲು ಕಿರಿದ. ಮಂಡಿನೋವಿನ ಬಸ್ ಡ್ರೈವರಿಗೆ ರ-ಕ-ಬ. ರಾಕಿಬ್ ಎಂದರೆ ಪ್ರಯಾಣಿಕ, ಮರ್ಕಬ್ ಎಂದರೆ ಹಡಗು, ರುಕ್ಬಾ ಎಂದರೆ ಮಂಡಿ. ತನ್ನ ಮಂಡಿ ಅರಬ್ಬಿ ನಿಘಂಟಿನಲ್ಲೂ ಪ್ರಯಾಣಿಕರ ಜೊತೆಗೇ ಇದೆ ಎಂದು ಗೊತ್ತಾದ ದಿನ ಅವನು ಅಲ್ಲೇ ಕೂತು ಅದನ್ನು ನೀವಿಕೊಂಡ.

ನನ್ನದು ಸ-ಕ-ನ. ಸೀನ್, ಕಾಫ್, ನೂನ್. ಬೇರೆಯವರ ಬೇರುಗಳು ವರ್ಷ ವರ್ಷ ಕೈ ಬದಲಾಯಿಸುತ್ತವೆ. ಹ-ಲ-ಕ ಈಗಾಗಲೇ ಮೂರನೆಯ ಕ್ಷೌರಿಕನ ಪಾಲಾಗಿದೆ. ಆದರೆ ನನ್ನ ಬೇರನ್ನು ಮದುವೆಯಾದ ಮೇಲೆ ಇವರು ಯಾರಿಗೂ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲಾಯಿತು, ಒಂದು ಸಲವೂ ಆ ಮೂರು ಅಕ್ಷರ ಆ ಕೋಣೆಯಲ್ಲಿ ತೂಗಿದ್ದಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಅದು ನನಗೆ ಕೊಟ್ಟ ಮರ್ಯಾದೆ ಎಂದೇ ನಾನು ತಿಳಿದಿದ್ದೆ.

ಆವತ್ತು ಬೆಳಿಗ್ಗೆ ನೋಡುತ್ತೇನೆ, ಕಿಟಕಿಯ ಪಕ್ಕದ ಹೊಸ ದಾರದಲ್ಲಿ ಸೀನ್, ಕಾಫ್, ನೂನ್. ಕೆಳಗೆ ಗುಂಡಗಿನ ಅಕ್ಷರದಲ್ಲಿ ಯಾರದೋ ಕೈಬರಹದ ಚೀಟಿ: ಸಕನ್, ಮನೆ. ಒದ್ದೆ ಬಟ್ಟೆಯ ಬಕೆಟ್ಟು ಅಲ್ಲೇ ಇಟ್ಟೆ. ಮೈಯೆಲ್ಲ ಉರಿದುಹೋಯಿತು.

ಆ ದಾರ ಯಾರದು ಎಂದು ಕೇಳಬೇಕಾಗಿಯೇ ಇರಲಿಲ್ಲ. ಕಿಟಕಿಯ ಪಕ್ಕ ಕೂರುವವಳು ಹೊಸದಾಗಿ ಸೇರಿದ ಮನೆ ಬ್ರೋಕರ್. ಬಾಡಿಗೆ ಮನೆ ತೋರಿಸುವುದು ಅವಳ ಕಸುಬು. ಸೊಂಟದಲ್ಲಿ ಊರಿನ ಅರ್ಧ ಬೀಗಗಳ ಕೈ ಸಿಕ್ಕಿಸಿಕೊಂಡು, ಬೀದಿಯ ಆ ತುದಿಯಲ್ಲಿ ಬರುವಾಗಲೇ ಝಣಝಣ ಅನ್ನಿಸುತ್ತಾ ಬರುತ್ತಾಳೆ. ನಾನು ಅವಳಿಗೆ ಗೊಂಚಲು ಎಂದು ಹೆಸರಿಟ್ಟಿದ್ದೆ. ನಲವತ್ತರ ಹತ್ತಿರದ ಹೆಂಗಸು, ಗಂಡನಿಲ್ಲ, ನಕ್ಕರೆ ಕೆನ್ನೆಯಲ್ಲಿ ಗುಳಿ. ಗುಳಿಯ ಮಾತು ನಾನೇ ಎತ್ತಬಾರದಿತ್ತು, ಆದರೆ ಇರುವುದನ್ನು ಇಲ್ಲ ಅನ್ನಲಾದೀತೇ?

ಆ ಬೇರು ನನಗೆ ಏನೆಂದು ಹೇಳಬೇಕು. ಆಗ ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿಯುತ್ತಿದ್ದೆ. ಅರಬ್ ದೇಶಕ್ಕೆ ಹೋದರೆ ಒಳ್ಳೆಯ ಸಂಬಳ ಎಂದು ಭಾಷೆ ಕಲಿಯಲು ಸೇರಿದೆ. ಮೇಷ್ಟ್ರು ಕಡ್ಡಿಯಂತಿದ್ದರು, ಅಂಗಿಗೆ ಮೇಲಿನ ಗುಂಡಿಯೇ ಇರಲಿಲ್ಲ. ಎರಡು ವಾರ ನನ್ನನ್ನು ಗಮನಿಸಿ ಸ-ಕ-ನ ಕೊಟ್ಟರು. ನಿಘಂಟು ಬಿಡಿಸಿ ನೋಡಿದೆ. ಸಕನ್ ಎಂದರೆ ವಾಸ, ಮನೆ. ಸುಕೂನ್ ಎಂದರೆ ನಿಶ್ಚಲ ಮೌನ. ಸಕೀನಾ ಎಂದರೆ ನೆಮ್ಮದಿ. ಮದುವೆಯಾಗದ ಗಂಡಸು ಮದುವೆಯಾಗದ ಹೆಣ್ಣಿನ ಕೈಗೆ ಮನೆ, ಮೌನ, ನೆಮ್ಮದಿ ಮೂರನ್ನೂ ಒಟ್ಟಿಗೇ ಇಟ್ಟರೆ ಅದರ ಅರ್ಥವೇನು? ನಾನೇನು ಪೆದ್ದಿಯೇ?

ಉತ್ತರವನ್ನೂ ಅದೇ ಬೇರಿನಲ್ಲಿ ಕೊಟ್ಟೆ. ಇವರ ತರಗತಿಯ ನಿಯಮ ಎರಡು. ಯಾರ ಕೈ ಮೊದಲು ಮೇಲೇಳುತ್ತದೋ ಅವರಿಗೆ ಮೊದಲ ಸರದಿ. ತಂದ ಮಾತನ್ನು 'ನಾನು', 'ನೀನು' ಬರುವಂತೆ ಒಂದು ವಾಕ್ಯ ಮಾಡಿ, ಮೇಷ್ಟ್ರ ಮುಖ ನೋಡಿ ಹೇಳಬೇಕು. ನಾನು ಕೈಯೆತ್ತಿ, ಎದ್ದು ನಿಂತು ಹೇಳಿದೆ: "ಸಕನ್ತು ಇಲೈಕ." ನಿನ್ನ ಬಳಿ ನನ್ನ ಮನಸ್ಸು ನೆಮ್ಮದಿ ಕಂಡಿತು. ಮೇಷ್ಟ್ರ ಕೈಯಿಂದ ಚಾಕ್‌ಪೀಸು ಬಿದ್ದು ಎರಡು ತುಂಡಾಯಿತು. ಆ ವರ್ಷವೇ ಮದುವೆ. ಅರಬ್ ದೇಶ ಅರಬ್ ದೇಶದಲ್ಲೇ ಉಳಿಯಿತು, ನಾನು ಹಿಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟೆ.

ಅಂಥ ಬೇರು ಈಗ ಗೊಂಚಲಿನ ದಾರದಲ್ಲಿ ತೂಗುತ್ತಿತ್ತು.

"ಭಾವನ್ನ ನೇರವಾಗಿ ಕೇಳ್ಬಿಡೇ ಅಕ್ಕ" ಎಂದಳು ನನ್ನ ತಂಗಿ. ಅವಳು ನನ್ನ ಅಂಗಡಿಯಲ್ಲೇ ಕಾಜ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ, ಬೇಡದಿದ್ದರೂ ಬುದ್ಧಿ ಹೇಳುತ್ತಾಳೆ.

"ಕೇಳಿ ನಾನ್ಯಾಕೆ ಸಣ್ಣೋಳಾಗ್ಲಿ?"

"ಮೂರು ಅಕ್ಷರಕ್ಕೆ ಇಷ್ಟು ಹೊಟ್ಟೆ ಉರ್ಕೊಳ್ತಿದೀಯಲ್ಲ, ಪೂರ್ತಿ ವಾಕ್ಯ ಕೊಟ್ಟಿದ್ರೆ ಏನ್ಮಾಡ್ತಿದ್ದೆ?"

"ನೀನು ಗುಂಡಿ ಹಚ್ಚು."

ಹೊಟ್ಟೆ ಉರಿಯುತ್ತಿತ್ತು, ಅದರಲ್ಲಿ ಮುಚ್ಚುಮರೆಯೇನಿಲ್ಲ. ನನ್ನ ಕೋಣೆಗೂ ತರಗತಿಗೂ ನಡುವೆ ಒಂದು ಪರದೆ ಮಾತ್ರ. ಸಂಜೆ ಮೆಷಿನ್ನಿನ ಮುಂದೆ ಕೂತು, ಪೆಡಲ್ ತುಳಿಯದೆ, ಕಿವಿಯನ್ನೆಲ್ಲ ಪರದೆಗೆ ಕೊಟ್ಟೆ. ಗೊಂಚಲು ಒಂದೊಂದು ದಿನ ಒಂದೊಂದು ಮಾತು ತರುತ್ತಿದ್ದಳು. ಸಾಕಿನ್, ಮನೆಯಲ್ಲಿ ವಾಸವಿರುವವನು. ಮಿಸ್ಕೀನ್, ಬಡಪಾಯಿ. "ಸಾರ್, ನಾನು ಬಾಡಿಗೆ ಕೇಳಿದ್ರೆ ಸಾಕಿನ್ ಎಲ್ಲ ಮಿಸ್ಕೀನ್ ಆಗ್ಬಿಡ್ತಾರೆ" ಎಂದಳು. ಕೋಣೆಯೆಲ್ಲ ನಕ್ಕಿತು. ಇವರು ನಕ್ಕದ್ದು ನನಗೆ ಪ್ರತ್ಯೇಕವಾಗಿ ಕೇಳಿಸಿತು. ಆ ನಗು ಮೊದಲು ನನ್ನ ತಮಾಷೆಗಳಿಗೆ ಬರುತ್ತಿತ್ತು.

ಇನ್ನೊಂದು ದಿನ ಸಿಕ್ಕೀನ್ ತಂದಳು. ಸಿಕ್ಕೀನ್ ಎಂದರೆ ಚಾಕು. ಮನೆ, ನೆಮ್ಮದಿಗಳ ಮಧ್ಯೆ ಚಾಕು ಎಲ್ಲಿಂದ ಬಂತು ಎಂದು ಕ್ಷೌರಿಕ ಕೇಳಿದ. ಇವರು ವಿವರಿಸಿದರು: ಹಳೆಯ ನಿಘಂಟುಕಾರರು ಚಾಕು ಪ್ರಾಣಿಯ ಮಿಸುಕಾಟವನ್ನು ಶಾಶ್ವತವಾಗಿ ನಿಲ್ಲಿಸುತ್ತದೆ, ಅದಕ್ಕೇ ಈ ಹೆಸರು ಅನ್ನುತ್ತಾರೆ. ಈಗಿನವರು ಅದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ ಭಾಷೆಯಿಂದ ಬಂದು ಈ ಕುಟುಂಬದಲ್ಲಿ ಸೇರಿಕೊಂಡದ್ದು ಅನ್ನುತ್ತಾರೆ. ಹೊರಗಿನಿಂದ ಬಂದು ಸೇರಿಕೊಂಡ ಚಾಕು ಯಾವುದೆಂದು ಪರದೆಯ ಈಚೆ ನನಗೆ ಚೆನ್ನಾಗಿ ಗೊತ್ತಿತ್ತು.

ಸಾಲದ್ದಕ್ಕೆ ಮಾರನೆಯ ದಿನ ಅವಳೇ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಬೂದು ಬಣ್ಣದ ಕೋಟು.

"ಮೇಡಂ, ಇದು ತುಂಬ ದೊಗಳೆ. ಸ್ವಲ್ಪ ಬಿಗಿ ಮಾಡ್ಕೊಡ್ತೀರಾ? ನಿಮ್ಮ ಕೈ ಅಂದ್ರೆ ಚಿನ್ನ ಅಂತ ಮೇಷ್ಟ್ರು ಹೇಳ್ತಿದ್ರು."

"ಮೇಷ್ಟ್ರು ತುಂಬ ಹೇಳ್ತಾರೆ" ಎಂದು ಟೇಪು ಹಿಡಿದೆ. ಎದೆಯಳತೆ, ಸೊಂಟದಳತೆ, ತೋಳು. ಅಳತೆ ತೆಗೆಯುವಾಗ ಹೆಂಗಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಇವಳಿಗೆ ಎಳೆದುಕೊಳ್ಳಬೇಕಾದ ಹೊಟ್ಟೆಯೇ ಇರಲಿಲ್ಲ.

ಅವಳು ಹೋದ ಮೇಲೆ ಕೋಟಿನ ಒಳಪದರ ಬಿಚ್ಚಿದೆ. ಸೊಂಟ ಹೇಳಿದಷ್ಟೇ ಬಿಗಿ ಮಾಡಿದೆ, ಅದು ಧರ್ಮವಾಗಿಯೇ ಆಯಿತು. ಕಂಕುಳ ಹತ್ತಿರ ಬಂದಾಗ ಕೈ ತಾನಾಗಿ ಇನ್ನೊಂದು ಬೆರಳಷ್ಟು ಒಳಗೆ ಹೋಯಿತು. ತೋಳು ಕೆಳಗೆ ಬಿಟ್ಟು ನಿಂತರೆ ಗೊಂಬೆಗೆ ತೊಡಿಸಿದಷ್ಟು ಚೆಂದ, ಎತ್ತಿದರೆ ಮಾತ್ರ ಕಷ್ಟ. ಬಾಡಿಗೆ ಮನೆಗಳ ಅಟ್ಟ ತೋರಿಸುವಾಗ ಒದ್ದಾಡಲಿ ಎಂದು ಇಸ್ತ್ರಿ ಹಾಕಿ ಮಡಿಸಿಟ್ಟೆ.

"ಅಕ್ಕ, ಇದು ಕೋಟೋ ಕೋಳವೋ?" ಎಂದಳು ತಂಗಿ, ತೋಳನ್ನು ಎಳೆದು ನೋಡಿ.

"ಈಗಿನ ಫ್ಯಾಷನ್ನು."

ಇಷ್ಟು ಮಾಡಿದರೂ ಸಮಾಧಾನವಾಗಲಿಲ್ಲ. ಸಂಜೆ ತಲೆ ಸಿಡಿಯುತ್ತಿತ್ತು, ಪರದೆಗೆ ಕಿವಿ ಕೊಡಲೂ ಆಗಲಿಲ್ಲ. ಪಾಠ ಮುಗಿಸಿ ಒಳಗೆ ಬಂದ ಇವರು ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಮಾತ್ರೆ ಮತ್ತು ನೀರು ತಂದುಕೊಟ್ಟರು.

"ತಗೋ, ಮುಸಕ್ಕಿನ್" ಎಂದರು.

"ಏನದು?"

"ನೋವಿನ ಮಾತ್ರೆ. ನೋವನ್ನ ಸುಮ್ಮನಿರಿಸೋದು. ಸ-ಕ-ನ ಬೇರೇ. ಇವತ್ತು ಆಯಮ್ಮ ತಂದ್ರು. ಔಷಧಿ ಅಂಗಡಿಗೆ ಹೋಗಿ, ಅರಬ್ಬಿ ಬರೆದಿರೋ ಡಬ್ಬಿ ಹುಡುಕಿ ತಂದಿದಾರೆ. ಏನು ಶ್ರದ್ಧೆ ಅಂತೀಯಾ!"

ಮಾತ್ರೆ ಗಂಟಲಲ್ಲಿ ಇಳಿಯಲಿಲ್ಲ. ಆ ಮಾತು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ನನ್ನದು ನನ್ನದು ಎಂದುಕೊಂಡಿದ್ದ ಬೇರಿನಲ್ಲಿ ನಾನು ಕಂಡರಿಯದ ಕೂಸೊಂದಿತ್ತು, ಅದನ್ನು ಇವಳು ಎತ್ತಿ ಆಡಿಸುತ್ತಿದ್ದಳು. ನನ್ನ ನೋವಿಗೂ ಇವಳ ಮಾತಿನ ಮಾತ್ರೆಯೇ ಬೇಕಾಯಿತೇ? ಇವರು ಅತ್ತ ತಿರುಗಿದಾಗ ಅದನ್ನು ಉಗಿದು ಗುಂಡಿ ಡಬ್ಬಿಯೊಳಗೆ ಹಾಕಿದೆ.

ರಜೆಯ ದಿನ ಮಧ್ಯಾಹ್ನ ನನ್ನ ತಾಳ್ಮೆ ಮುಗಿಯಿತು. ಇವರು ಮುಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಚೀಟಿ ಕತ್ತರಿಸುತ್ತಿದ್ದರು. ಅದೂ ನನ್ನ ಬಟ್ಟೆಯ ಕತ್ತರಿಯಿಂದ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸುವ ಗಂಡಸನ್ನು ಯಾವ ದರ್ಜಿಯೂ ಕ್ಷಮಿಸುವುದಿಲ್ಲ. ಕಿತ್ತುಕೊಂಡೆ.

"ಆ ಬೇರು ಅವಳಿಗೆ ಯಾಕೆ ಕೊಟ್ರಿ?"

"ಯಾವ ಬೇರು?"

"ಗೊತ್ತಿಲ್ಲದೋರ ಥರ ಆಡ್ಬೇಡಿ. ನಂದು."

ಇವರು ಕಿಟಕಿಯ ಪಕ್ಕದ ದಾರ ನೋಡಿದರು. "ಆಯಮ್ಮ ಮನೆ ಬ್ರೋಕರ್ರು ಕಣೇ. ಮನೆ, ವಾಸ, ಬಾಡಿಗೆದಾರ, ಎಲ್ಲ ಅದರಲ್ಲೇ ಇದೆ. ಇನ್ನೇನು ಕೊಡ್ಲಿ? ಕೊಡೋಕೆ ಮುಂಚೆ ನಿನ್ನ ಕೇಳಿದ್ನಲ್ಲ. 'ಸ-ಕ-ನ ತೆಗೀಲಾ' ಅಂದೆ. ನೀನು ಹೂಂ ಅಂದೆ."

"ಯಾವಾಗ?"

"ಪರದೆ ಬಟ್ಟೆ ಹೊಲೀತಿದ್ದೆಯಲ್ಲ, ಆವಾಗ."

ಮೆಷಿನ್ ಓಡುವಾಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಮನೆಗೆ ಬೆಂಕಿ ಬಿತ್ತು ಅಂದರೂ ಹೂಂ. ಇದು ಇವರಿಗೆ ಇಷ್ಟು ವರ್ಷದಲ್ಲಿ ತಿಳಿಯಬೇಡವೇ? ಆದರೆ ಆಗ ನನ್ನ ತಲೆಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಹೊಕ್ಕಿತ್ತು. ಅವಳಿಗೆ ಕಸುಬು ನೋಡಿ ಕೊಟ್ಟರು. ಕ್ಷೌರಿಕನಿಗೂ ಕಸುಬು ನೋಡಿ ಕೊಟ್ಟರು. ನಾನು ಕಾಲರ್ ಹೊಲಿಯುವವಳು. ನನ್ನ ಕಸುಬಿಗೂ ಮನೆಗೂ ನೆಮ್ಮದಿಗೂ ಏನು ಸಂಬಂಧ? ಸಂಬಂಧ ಒಂದೇ ಇರಬೇಕು. ಅದನ್ನು ಇವರ ಬಾಯಿಂದಲೇ ಕೇಳಬೇಕೆನಿಸಿತು.

"ಹಾಗಾದ್ರೆ ನನಗೆ ಯಾಕೆ ಕೊಟ್ರಿ? ಈಗಲಾದ್ರೂ ಹೇಳಿ."

ಇವರು ನಗಲು ಶುರುಮಾಡಿದರು. "ನಿನ್ನ ಕಾಲು!"

"ಏನು?"

"ದಿನವಿಡೀ ಮೆಷಿನ್ ತುಳಿದು ಬರ್ತಿದ್ದೆಯಲ್ಲ, ಬೆಂಚಲ್ಲಿ ಕೂತ್ರೂ ಕಾಲು ತುಳೀತಾನೇ ಇರ್ತಿತ್ತು. ಇಡೀ ಬೆಂಚು ಗಡಗಡ. ಪಕ್ಕದೋರ ಅಕ್ಷರ ಎಲ್ಲ ಸೊಟ್ಟ. ಬಯ್ಯೋಕೆ ಧೈರ್ಯ ಸಾಲ್ಲಿಲ್ಲ. ಸುಕೂನ್ ಅಂದ್ರೇನು ಅಂತ ನಿಘಂಟಲ್ಲಿ ನೋಡಿಯಾದ್ರೂ ಸುಮ್ನೆ ಕೂರ್ಲಿ ಅಂತ ಕೊಟ್ಟೆ."

ನಾನು ಬೆಂಚಿನ ಮೇಲೆ ಕುಸಿದು ಕೂತೆ. ಇಪ್ಪತ್ತು ವರ್ಷದ ಸಂಸಾರವನ್ನು ನಾನು ಕಟ್ಟಿದ್ದು ಇವರು ಕೊಟ್ಟ ಮಾತಿನ ಮೇಲೆ. ಆ ಮಾತು ಬರೀ ಕಾಲು ಅಲ್ಲಾಡಿಸಬೇಡ ಎಂಬ ಗದರಿಕೆಯಾಗಿತ್ತು. ಗೊಂಚಲಿಗಾದರೂ ಮರ್ಯಾದೆಯಾಗಿ ಮನೆ ಎಂಬ ಅರ್ಥಕ್ಕೆ ಕೊಟ್ಟಿದ್ದಾರೆ. ನನಗಿಂತ ಅವಳೇ ಮೇಲಾದಳಲ್ಲ ಎಂದು ದುಃಖ ಒತ್ತರಿಸಿ ಬಂತು.

"ಅಂದ್ರೆ ನೀವು ನನ್ನ ಕೇಳಿದ್ದಲ್ವಾ?" ಎಂದೆ.

"ಏನು ಕೇಳಿದ್ದು?"

"ಮದುವೆಗೆ! ಮನೆ, ನೆಮ್ಮದಿ ಅಂತ ಬೇರು ಕೊಟ್ಟು ಕೇಳಿದ್ದು ನೀವು. ನಾನು ಎದ್ದು ನಿಂತು ಒಪ್ಪಿಗೆ ಹೇಳಿದೆ."

ಇವರ ನಗು ನಿಂತುಹೋಯಿತು.

"ನಾನಾ ಕೇಳಿದ್ದು?" ಎಂದರು. "ಅಂಗಿಗೆ ಗುಂಡಿ ಇಲ್ದೆ ಓಡಾಡ್ತಿದ್ದ ನನಗೆ ಅಷ್ಟು ಧೈರ್ಯ ಎಲ್ಲಿತ್ತು? ಕೇಳಿದ್ದು ನೀನು. ತುಂಬಿದ ಕ್ಲಾಸಲ್ಲಿ ಎದ್ದು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಸಕನ್ತು ಇಲೈಕ ಅಂದ್ಬಿಟ್ಟೆ. ನನಗೆ ನಿದ್ದೆ ಇಲ್ಲ, ಊಟ ಸೇರಲ್ಲ. ಹುಡುಗಿ ಬಾಯಿಬಿಟ್ಟು ಕೇಳಿದಾಳೆ, ಉತ್ತರ ಹೇಳದೆ ಇದ್ರೆ ಗಂಡಸಾ ನಾನು ಅಂತ ನಿಮ್ಮ ಅಪ್ಪನ ಹತ್ರ ಬಂದೆ."

ಕೇಳಿದವರು ಇವರು ಎಂದು ನಾನು, ನಾನು ಎಂದು ಇವರು, ಹೀಗೆಯೇ ಇಷ್ಟು ವರ್ಷ ಒಂದೇ ತಟ್ಟೆಯ ಎರಡು ಕಡೆ ಕೂತು ಉಂಡಿದ್ದೆವು. ನನಗೆ ಒಮ್ಮೆಲೇ ನಾಚಿಕೆಯಾಯಿತು, ಆಮೇಲೆ ಹೆಮ್ಮೆಯಾಯಿತು.

"ಆಮೇಲೆ ಯಾರಿಗೂ ಆ ಬೇರು ಕೊಡ್ಲಿಲ್ಲ" ಎಂದರು ಇವರು, ಚೀಟಿಗಳನ್ನು ಜೋಡಿಸುತ್ತಾ. "ಕೊಟ್ರೆ ಯಾರಾದ್ರೂ ಹುಡುಕ್ತಾ ಹುಡುಕ್ತಾ ಆ ಮಾತಿಗೆ ಬರ್ತಾರಲ್ಲ. ಬೇರೆಯೋರ ಬಾಯಲ್ಲಿ ಅದನ್ನ ಕೇಳೋಕೆ ಮನಸ್ಸಾಗ್ಲಿಲ್ಲ. ನೀನು ಹೂಂ ಅಂದ್ಯಲ್ಲ ಅಂತ ಕೊಟ್ಟೆ. ಆದ್ರೆ ಆಯಮ್ಮ ತುಂಬ ಚುರುಕು. ನಾಳೆ ಹೊತ್ತಿಗೆ ಅಲ್ಲಿಗೆ ಬಂದೇ ಬರ್ತಾರೆ."

ಹೆಮ್ಮೆ ಅಲ್ಲಿಗೇ ಇಳಿಯಿತು. ನಾಳೆ ಸಂಜೆ ಗೊಂಚಲು ಕೈಯೆತ್ತುತ್ತಾಳೆ. ಎದ್ದು ನಿಲ್ಲುತ್ತಾಳೆ. ನಿಯಮದ ಪ್ರಕಾರ ನನ್ನ ಗಂಡನ ಮುಖ ನೋಡುತ್ತಾಳೆ, ಗುಳಿಕೆನ್ನೆಯಲ್ಲಿ ನಗುತ್ತಾಳೆ, ನಿನ್ನ ಬಳಿ ನನ್ನ ಮನಸ್ಸು ನೆಮ್ಮದಿ ಕಂಡಿತು ಅನ್ನುತ್ತಾಳೆ. ಬೇರು ಹೋದರೆ ಹೋಗಲಿ, ಅದು ಮೊದಲಿನಿಂದಲೂ ಕಾಲಿನದು. ಆ ಮಾತು ಮಾತ್ರ ನನ್ನದು, ನಾನೇ ನನ್ನ ಬಾಯಿಂದ ಆಡಿದ್ದು. ಅದನ್ನು ನಾನು ಜೀವವಿರುವ ತನಕ ಇನ್ನೊಬ್ಬಳಿಗೆ ಬಿಟ್ಟುಕೊಡಲಾರೆ.

ಮಾರನೆಯ ಸಂಜೆ ತಂಗಿಗೆ ಅಂಗಡಿ ಒಪ್ಪಿಸಿ, ಕುತ್ತಿಗೆಯಲ್ಲಿ ಟೇಪು ಹಾಗೇ ಇಟ್ಟುಕೊಂಡು, ಪರದೆ ಸರಿಸಿ ಹೋಗಿ ಹಿಂದಿನ ಬೆಂಚಿನಲ್ಲಿ ಬಸ್ ಡ್ರೈವರಿನ ಪಕ್ಕ ಕೂತೆ. ಇವರು ನನ್ನನ್ನು ನೋಡಿದರು. ಗೊಂಚಲು ಕಿಟಕಿಯ ಪಕ್ಕ ಬೂದು ಕೋಟು ತೊಟ್ಟು ನೆಟ್ಟಗೆ ಕೂತಿದ್ದಳು. ಮುಂದೆ ನಿಘಂಟು ತೆರೆದಿತ್ತು, ಮಧ್ಯೆ ಬೀಗದ ಕೈಯೊಂದನ್ನು ಗುರುತಿಗೆ ಇಟ್ಟಿದ್ದಳು.

"ಏನು ಮೇಡಂ, ಭೂಕಂಪನಾ?" ಎಂದು ಡ್ರೈವರ್ ಪಿಸುಗುಟ್ಟಿದ. ನೋಡಿಕೊಂಡರೆ ನನ್ನ ಕಾಲು ಪೆಡಲ್ ತುಳಿಯುತ್ತಿತ್ತು.

"ಯಾರು ಮಾತು ತಂದಿದೀರಿ?" ಎಂದರು ಇವರು.

ಗೊಂಚಲಿನ ಕೈ ಸರಕ್ಕನೆ ಎದ್ದಿತು. ಎದ್ದದ್ದು ಭುಜದ ತನಕ ಬಂದು ಅಲ್ಲೇ ಸಿಕ್ಕಿಕೊಂಡಿತು. ಅವಳು ಕೊಸರಿದಳು, ಇನ್ನೊಂದು ಕೈಯಿಂದ ಮೊಣಕೈಯನ್ನು ಮೇಲಕ್ಕೆ ನೂಕಿದಳು. ಕಂಕುಳಲ್ಲಿ ಹೊಲಿಗೆ ಕಿರ್ ಎಂದಿತು. ನಾನು ಹಾಕಿದ ಹೊಲಿಗೆ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಷ್ಟರಲ್ಲಿ ನನ್ನ ಕೈ ಮೇಲಿತ್ತು.

ಇವರು ಬೇರೆ ಯಾವ ವಿದ್ಯಾರ್ಥಿಗಾದರೂ ಹೇಳುವಂತೆ, "ಹೇಳಿ" ಎಂದರು.

ಎದ್ದು ನಿಂತೆ. ಕಾಲು ತುಳಿಯುವುದನ್ನು ನಿಲ್ಲಿಸಿತ್ತು. ಇವರ ಕೂದಲು ಅರ್ಧ ಬೆಳ್ಳಗಾಗಿದೆ, ಅಂಗಿಯ ಗುಂಡಿಗಳೆಲ್ಲ ಇವೆ, ಒಂದೊಂದನ್ನೂ ನಾನೇ ಹಚ್ಚಿದ್ದು. ಮುಖ ನೋಡಿ ಹೇಳಿದೆ.

"ಸಕನ್ತು ಇಲೈಕ."

ಬೆಂಚಿನವರೆಲ್ಲ ಅರ್ಥಕ್ಕಾಗಿ ಕಾಯುತ್ತಾ ಇವರತ್ತ ನೋಡಿದರು. ಇವರು ಅರ್ಥ ಹೇಳಲಿಲ್ಲ. ಬಿಳಿ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು, ಕಿವಿಯ ತನಕ ಕೆಂಪಾಗಿ ನಿಂತಿದ್ದರು.

"ಸಾರ್" ಎಂದಳು ಗೊಂಚಲು, ಇನ್ನೂ ಅರ್ಧಕ್ಕೆ ಎತ್ತಿದ ಕೈಯಲ್ಲೇ. "ನಾನೂ ಅದನ್ನೇ ತಂದಿದ್ದೆ. ಅದು ನನ್ನ ಬೇರಲ್ವಾ?"

"ಬೇರು ನಿಮ್ಮದೇ ಅಮ್ಮ" ಎಂದರು ಇವರು. "ಮನೆ ತಗೊಳ್ಳಿ, ಚಾಕು ತಗೊಳ್ಳಿ, ಮಾತ್ರೆ ತಗೊಳ್ಳಿ, ಎಲ್ಲ ತಗೊಳ್ಳಿ. ಆ ಮಾತೊಂದು ಮಾತ್ರ ಬೇಡ. ಅದಕ್ಕೆ ನಾನು ಆಗಲೇ ಉತ್ತರ ಕೊಟ್ಟಾಗಿದೆ."

ಮೊದಲು ಅರ್ಥವಾದದ್ದು ಕ್ಷೌರಿಕನಿಗೆ. ಅವನು ಬಾಯಿಗೆ ಕೈ ಅಡ್ಡ ಹಿಡಿದ. ಗೊಂಚಲು ನನ್ನನ್ನು ನೋಡಿದಳು, ಇವರನ್ನು ನೋಡಿದಳು, ಆಮೇಲೆ ನಿಘಂಟು ಮುಚ್ಚಿ ನಕ್ಕಳು. ಗುಳಿ ಬಿತ್ತು. ಇರಲಿ.

ಪಾಠ ಮುಗಿದ ಮೇಲೆ ಅವಳು ಬೀಗದ ಕೈ ಸಿಕ್ಕಿಸಿಕೊಂಡು ಹೊರಡುವಾಗ ಬಾಗಿಲಲ್ಲಿ ತಡೆದೆ.

"ಆ ಕೋಟು ಬಿಟ್ಟು ಹೋಗಿ" ಎಂದೆ. "ಕಂಕುಳಲ್ಲಿ ಸ್ವಲ್ಪ ಬಿಚ್ಚಬೇಕು."